ಗುಜರಿ ಬಸ್ಸಿಗೆ ಯಾವ ಸಂಡಾಸು?

2020ರ ಆಗಸ್ಟ್‌ನಲ್ಲಿ ಕೆಎಸ್‌ಆರ್‌ಟಿಸಿ ತನ್ನದೊಂದು ಹಳೆ ಬಸ್ಸನ್ನು ಹೆಂಗಸರ ಶೌಚಾಲಯವಾಗಿ ಮಾರ್ಪಡಿಸಿ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ನಿಲ್ಲಿಸಿತು. ಬೆಂಗಳೂರು ವಿಮಾನ ನಿಲ್ದಾಣ ಸಂಸ್ಥೆಯ ನೆರವಿನಿಂದ ಸುಮಾರು 12 ಲಕ್ಷ ರೂಪಾಯಿ ವೆಚ್ಚದಲ್ಲಿ ಆದ ಕೆಲಸ ಅದು. ಇಂಡಿಯನ್, ವೆಸ್ಟರ್ನ್ ಎರಡೂ ಬಗೆಯ ಸಂಡಾಸು, ಕೈ ತೊಳೆಯುವ ಬೇಸಿನ್, ಮಗುವಿಗೆ ಹಾಲುಣಿಸಲು ಮರೆ, ಸ್ಯಾನಿಟರಿ ಪ್ಯಾಡ್ ಸಿಗುವ ಯಂತ್ರ, ಅದನ್ನು ಸುಡುವ ಯಂತ್ರ, ಸೌರ ದೀಪ ಎಲ್ಲವೂ ಅದರಲ್ಲಿತ್ತು. ಪುಣೆಯಲ್ಲಿ ಇಂಥದ್ದೇ ಕೆಲಸ 2016ರಲ್ಲೇ ಶುರುವಾಗಿತ್ತು. ಓಡಿ ಓಡಿ ಸವೆದ ಬಸ್ಸುಗಳನ್ನು ಹೆಂಗಸರಿಗಾಗಿ ಬಣ್ಣ ಬಳಿದು, ಒಳಗೆ ಕೋಣೆ ಕಟ್ಟಿ ಊರಿನ ಹಲವು ಕಡೆ ನಿಲ್ಲಿಸಲಾಯಿತು. ಎರಡೂ ಊರಿನ ಸುದ್ದಿಗಳಲ್ಲಿ ಬಣ್ಣ, ದೀಪ, ಸೌಕರ್ಯಗಳ ವರ್ಣನೆ ಧಾರಾಳವಾಗಿತ್ತು. ಒಬ್ಬರು ಒಮ್ಮೆ ಹೋಗಿ ಬಂದರೆ ಎಷ್ಟು ಲೀಟರ್ ನೀರು ಖರ್ಚಾಗುತ್ತದೆ, ಆ ನೀರು ಆಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಅಷ್ಟು ಜಾಗ ಸಿಗಲಿಲ್ಲ. ಬಸ್ಸಿನೊಳಗಿನ ಶೌಚಾಲಯ ಬಾಳುವುದೋ ಬೀಗ ಬೀಳುವುದೋ ಎಂಬುದು ಈ ಎರಡು ಪ್ರಶ್ನೆಗಳ ಮೇಲೇ ನಿಂತಿದೆ. ಕಲಬುರಗಿಯಂಥ ಬಿಸಿಲೂರಿನಲ್ಲಂತೂ ಬೇರೆಲ್ಲ ಆಮೇಲಿನ ಮಾತು.

ಕಲಬುರಗಿಗೆ ಇಂಥ ಬಸ್ಸು ಯಾಕೆ ಬೇಕು ಎನ್ನುವವರು ಉರುಸಿನ ಮೂರು ದಿನ ದರ್ಗಾ ಇರುವ ರೋಜಾ ಬಡಾವಣೆ ಕಡೆ ಹೋಗಿ ನೋಡಬೇಕು. ಖಾಜಾ ಬಂದಾನವಾಜರ ದರ್ಗಾದ ಉರುಸು ಜಿಲ್‌ಕಾದ ತಿಂಗಳ 15, 16, 17ರಂದು ನಡೆಯುತ್ತದೆ. ತೆಲಂಗಾಣ, ಮಹಾರಾಷ್ಟ್ರಗಳಿಂದಲೂ ಜನ ಬರುತ್ತಾರೆ. ಜಾತಿ ಮತ ನೋಡದೆ ಬರುವವರು ಬಹಳ. ಚಾಂದ್ರಮಾನದ ಲೆಕ್ಕವಾದ್ದರಿಂದ ಉರುಸು ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2024ರಲ್ಲಿ ಮೇ ಕೊನೆಯ ವಾರದಲ್ಲಿ ಬಂದದ್ದು 2025ರಲ್ಲಿ ಮೇ ನಡುವಿಗೆ ಬಂತು, ಇನ್ನು ಕೆಲವು ವರ್ಷ ಬೇಸಿಗೆಯೊಳಗೇ ಸುತ್ತಲಿದೆ. ಅಂದರೆ ಬಿಸಿಲು 42, 43 ಡಿಗ್ರಿ ಮುಟ್ಟುವ, ಬೆಣ್ಣೆತೊರೆ ಮತ್ತು ಭೀಮೆಯ ನೀರು ಇಳಿಯುವ ಹೊತ್ತಿಗೇ ಊರಲ್ಲಿ ಜನ ಸೇರುತ್ತಾರೆ. ಹೋಳಿಯ ಹಿಂದೆಯೇ ಬರುವ ಶರಣಬಸವೇಶ್ವರ ಜಾತ್ರೆಯೂ ಬೇಸಿಗೆಯ ಬಾಗಿಲಲ್ಲೇ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಯಾದ ಮೇಲೆ ಬಸ್ಸು ಹತ್ತಿ ಜಾತ್ರೆಗೆ, ದರ್ಗಾಕ್ಕೆ, ಗಾಣಗಾಪುರಕ್ಕೆ ಹೊರಡುವ ಹೆಂಗಸರು ಹೆಚ್ಚಿದ್ದಾರೆ. ಟಿಕೆಟ್ಟಿಗೆ ದುಡ್ಡು ಬೇಕಿಲ್ಲ, ಆದರೆ ಇಳಿದ ಮೇಲೆ ಹೋಗಲು ಜಾಗವಿಲ್ಲ. ಅದಕ್ಕೆ ಅವರು ಕಂಡುಕೊಂಡ ಉಪಾಯ ನೀರು ಕುಡಿಯದೇ ಇರುವುದು. ಆ ಬಿಸಿಲಲ್ಲಿ ಬೆಳಗಿನಿಂದ ಸಂಜೆಯವರೆಗೆ ಗಂಟಲು ಒಣಗಿಸಿಕೊಂಡು ಓಡಾಡಿದರೆ ಉರಿಮೂತ್ರ, ತಲೆಸುತ್ತು ತಪ್ಪಿದ್ದಲ್ಲ. ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಕೇಂದ್ರ ಕಚೇರಿ ಇರುವುದು ಇದೇ ಊರಲ್ಲಿ. ಹಳೆ ಬಸ್ಸುಗಳಿಗೂ ಅವನ್ನು ಬಿಚ್ಚಿ ಕಟ್ಟುವ ಕೈಗಳಿಗೂ ಇಲ್ಲಿ ಬರವಿಲ್ಲ. ತೀರ್ಮಾನವಾಗಬೇಕಾದದ್ದು ಒಳಗೆ ಏನು ಕೂರಿಸುವುದು ಎಂಬುದು.

ಮೊದಲು ಲೆಕ್ಕ ಹಾಕೋಣ. ಒಂದು ಬಸ್ಸಿನಲ್ಲಿ ಐದು ಕೋಣೆ ಇಟ್ಟುಕೊಂಡರೆ, ಉರುಸಿನಂಥ ದಿನ ಹನ್ನೆರಡು ಗಂಟೆಯಲ್ಲಿ ಆರು ನೂರು ಜನ ಬಳಸುವುದು ದೊಡ್ಡ ಮಾತಲ್ಲ. ಇವತ್ತಿನ ಸಾಮಾನ್ಯ ಫ್ಲಶ್ ಟ್ಯಾಂಕು ಪೂರ್ತಿ ಒತ್ತಿದರೆ ಆರು ಲೀಟರ್ ಬಿಡುತ್ತದೆ, ಹಳೆಯವು ಹತ್ತಕ್ಕೂ ಹೆಚ್ಚು. ತೊಳೆದುಕೊಳ್ಳಲು, ಕೈಗೆ ಇನ್ನೆರಡು ಲೀಟರ್ ಸೇರಿಸಿದರೆ ತಲೆಗೆ ಎಂಟು. ಆರು ನೂರು ಜನಕ್ಕೆ 4,800 ಲೀಟರ್. ಟ್ರ್ಯಾಕ್ಟರ್ ಹಿಂದೆ ಕಟ್ಟಿಕೊಂಡು ಬರುವ ಒಂದು ನೀರಿನ ಟ್ಯಾಂಕರ್ ಪೂರ್ತಿ ಖಾಲಿ. ಐವತ್ತು ಚಿಲ್ಲರೆ ಜನರನ್ನು ಹೊರಲು ಮಾಡಿದ ಬಸ್ಸಿನ ಹೊರೆ ಸುಮಾರು ಮೂರೂವರೆ ಟನ್. ಈ ನೀರೇ ಐದು ಟನ್ನಿನ ಹತ್ತಿರ ಬರುತ್ತದೆ. ಇನ್ನೊಂದು ಸಂಗತಿ ಮನೆಯ ಶೌಚಾಲಯದಲ್ಲಿ ಯಾರ ಗಮನಕ್ಕೂ ಬರುವುದಿಲ್ಲ. ಮನೆಯಲ್ಲಿ ಫ್ಲಶ್ ಮಾಡಿದ ನೀರು ಕಣ್ಮರೆಯಾಗುತ್ತದೆ, ಬಸ್ಸಿನಲ್ಲಿ ಆಗುವುದಿಲ್ಲ. ಮೇಲಿನ ತೊಟ್ಟಿಯಿಂದ ಇಳಿದದ್ದು ಕೆಳಗಿನ ತೊಟ್ಟಿಯಲ್ಲಿ ಕೂರುತ್ತದೆ. ತೂಕ ಅಷ್ಟೇ ಇದ್ದರೂ ಜಾಗ ಎರಡರಷ್ಟು ಬೇಕು. ಬೆಳಿಗ್ಗೆ ತುಂಬಿಸಲು ಒಂದು ಟ್ಯಾಂಕರ್, ರಾತ್ರಿ ಹೀರಿಕೊಂಡು ಹೋಗಲು ಒಂದು ಸಕ್ಕಿಂಗ್ ಗಾಡಿ; ಎರಡರಲ್ಲಿ ಒಂದು ಜನಜಂಗುಳಿಯಲ್ಲಿ ಸಿಕ್ಕಿಕೊಂಡರೂ ಬಸ್ಸಿನ ಬಾಗಿಲು ಮುಚ್ಚಬೇಕು. ಅದೇ ತಲೆಗೆ ಎರಡು ಲೀಟರಿಗೆ ಇಳಿಸಿದರೆ ದಿನಕ್ಕೆ 1,200 ಲೀಟರ್. ಹೊರೆಯೂ ಮಿತಿಯೊಳಗೆ ಬರುತ್ತದೆ, ತೊಟ್ಟಿ ದೊಡ್ಡದಿಟ್ಟರೆ ಉರುಸಿನ ಮೂರು ದಿನಕ್ಕೆ ಎರಡೇ ಸಲ ಖಾಲಿ ಮಾಡಿದರೆ ಸಾಕು. ಹಾಗಾಗಿ ನೀರುಳಿತಾಯ ಎನ್ನುವುದು ಇಲ್ಲಿ ಪರಿಸರದ ಉಪದೇಶವಲ್ಲ, ಬಸ್ಸು ದಿನವಿಡೀ ತೆರೆದಿರಲು ಬೇಕಾದ ಷರತ್ತು.

ಹಾಗಾದರೆ ಎಲ್ಲಕ್ಕಿಂತ ಕಡಿಮೆ ನೀರು ಕುಡಿಯುವ ವ್ಯಾಕ್ಯೂಮ್ ಸಂಡಾಸನ್ನೇ ಹಾಕಬಹುದಲ್ಲ ಎಂದು ಕೇಳುವವರಿದ್ದಾರೆ. ವಿಮಾನದಲ್ಲಿರುವುದು ಅದೇ. 2024ರ ಮಾರ್ಚ್‌ನಿಂದ ಕಲಬುರಗಿ–ಬೆಂಗಳೂರು ನಡುವೆ ಓಡುತ್ತಿರುವ ವಂದೇ ಭಾರತ್ ರೈಲಿನಲ್ಲೂ ಅದೇ. ಗುಂಡಿ ಒತ್ತಿದರೆ ಅರ್ಧ ಲೀಟರ್ ಆಸುಪಾಸಿನ ನೀರಲ್ಲಿ ಎಲ್ಲವನ್ನೂ ಗಾಳಿ ಎಳೆದುಕೊಂಡುಬಿಡುತ್ತದೆ. ನೀರಿನ ಲೆಕ್ಕದಲ್ಲಿ ಅದನ್ನು ಮೀರಿಸುವುದು ಕಷ್ಟ. ಆದರೆ ಅದಕ್ಕೆ ಪಂಪು ಬೇಕು, ಪಂಪಿಗೆ ಸದಾ ಕರೆಂಟು ಬೇಕು, ಕವಾಟಗಳ ರಬ್ಬರು ಸವೆದಾಗ ಬದಲಿಸುವ ಮಿಸ್ತ್ರಿ ಬೇಕು. ರೈಲಿಗೆ ಪ್ರತಿ ಓಟದ ಕೊನೆಗೆ ಒಂದು ಡಿಪೊ ಇದೆ. ದರ್ಗಾ ರಸ್ತೆಯಲ್ಲಿ ನಿಂತ ಬಸ್ಸಿಗೆ ಇರುವುದು ಒಬ್ಬ ಕಾವಲುಗಾರ. ಕಿರಿದಾದ ಕೊಳವೆಯಲ್ಲಿ ಒಂದು ಪ್ಯಾಡ್ ಸಿಕ್ಕಿಕೊಂಡರೆ ಒಂದಲ್ಲ, ಐದೂ ಕೋಣೆಗಳ ಎಳೆತ ಕೆಟ್ಟೀತು. ಕೆಟ್ಟಾಗ ಕೈಯಿಂದ ನೀರು ಸುರಿದು ದಾಟಿಸಲಾಗದ ಯಂತ್ರ ಜಾತ್ರೆಗೆ ಆಗದು. ರಾಸಾಯನಿಕ ಸಂಡಾಸಿನ ಕಥೆ ಬೇರೆ. ಕೆಎಸ್‌ಆರ್‌ಟಿಸಿಯೇ ಹಿಂದೆ ಐರಾವತ ಬ್ಲಿಸ್ ಎಂಬ ದೂರದ ಬಸ್ಸುಗಳಲ್ಲಿ ಅಂಥದ್ದನ್ನು ಇಟ್ಟಿತ್ತು. ನಲವತ್ತು ಜನರಲ್ಲಿ ಕೆಲವರು ರಾತ್ರಿ ಒಮ್ಮೆ ಎದ್ದು ಹೋಗಲು ಅದು ಸರಿ. ದಿನಕ್ಕೆ ನೂರಾರು ಜನ ಬಂದರೆ ಔಷಧದ ಖರ್ಚೇ ಏರುತ್ತದೆ. ಅದಕ್ಕಿಂತ ಹೆಚ್ಚಾಗಿ, ಸೂಕ್ಷ್ಮಜೀವಿಗಳನ್ನು ಕೊಲ್ಲುವ ಆ ದ್ರಾವಣ ಕೊನೆಗೆ ಹೋಗಿ ಬೀಳುವುದು ಸೂಕ್ಷ್ಮಜೀವಿಗಳನ್ನೇ ನಂಬಿ ನಡೆಯುವ ಕೊಳಚೆ ಶುದ್ಧೀಕರಣ ಘಟಕಕ್ಕೆ.

ಟೆಂಡರುಗಳಲ್ಲಿ ಈಚೆಗೆ ಎಲ್ಲರ ಬಾಯಲ್ಲೂ ಇರುವುದು ಬಯೋ ಟಾಯ್ಲೆಟ್. ಡಿಆರ್‌ಡಿಒ ಹಿಮಪ್ರದೇಶದ ಸೈನಿಕರಿಗೆಂದು ರೂಪಿಸಿದ, ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳ ತೊಟ್ಟಿಯನ್ನು ರೈಲ್ವೆ ತನ್ನ ಬೋಗಿಗಳ ಕೆಳಗೆ ತೂಗುಹಾಕಿತು. ಹಳಿಯ ಮೇಲೆ ಮಲ ಬೀಳುವುದನ್ನು ಅದು ನಿಲ್ಲಿಸಿದ್ದು ಸಣ್ಣ ಸಾಧನೆಯಲ್ಲ. ಆದರೆ 2017ರ ಸಿಎಜಿ ವರದಿ ಓದಿದರೆ ಅದರ ಮಿತಿಯೂ ತಿಳಿಯುತ್ತದೆ. ದೂರುಗಳಲ್ಲಿ ದೊಡ್ಡ ಪಾಲು ಕಟ್ಟಿಕೊಂಡ ಸಂಡಾಸುಗಳದ್ದು. ಬಾಟಲಿ, ಬಟ್ಟೆ, ಗುಟ್ಕಾ ಚೀಟಿ ಏನು ಹಾಕಿದರೂ ಜೀರ್ಣಿಸಲು ಬ್ಯಾಕ್ಟೀರಿಯಾ ಏನು ಮಾಂತ್ರಿಕನೇ? ಬಸ್ಸಿನ ವಿಷಯದಲ್ಲಿ ಇನ್ನೂ ಮುಖ್ಯವಾದ ತೊಡಕು ಸಮಯದ್ದು. ಬ್ಯಾಕ್ಟೀರಿಯಾಗಳಿಗೆ ಮಲವನ್ನು ಕರಗಿಸಲು ದಿನಗಳು ಬೇಕು. ವರ್ಷದಲ್ಲಿ ಬಹುಪಾಲು ಖಾಲಿ ನಿಂತು, ಜಾತ್ರೆಯ ದಿನ ಒಮ್ಮೆಲೇ ಆರು ನೂರು ಜನರ ಹೊರೆ ಬಿದ್ದರೆ ತೊಟ್ಟಿಯೊಳಗೆ ಬಂದದ್ದು ಕೆಲವೇ ಗಂಟೆಗಳಲ್ಲಿ ಹೆಚ್ಚುಕಡಿಮೆ ಹಾಗೇ ಹೊರಗೆ ಹರಿಯುತ್ತದೆ. ಅದರ ಮೇಲೆ ನಮ್ಮ ಸ್ವಚ್ಛತೆಯ ಕಲ್ಪನೆಯೇ ಫಿನೈಲ್ ಮತ್ತು ಆಸಿಡ್. ಜೀವಿಗಳನ್ನು ಸಾಕಬೇಕಾದ ತೊಟ್ಟಿಗೆ ದಿನಕ್ಕೆರಡು ಸಲ ವಿಷ ಹೊಯ್ದು, ಆಮೇಲೆ ವಾಸನೆ ಬರುತ್ತದೆ ಎಂದು ದೂರುತ್ತೇವೆ. ಬಸ್ಸಿನ ಮೈಮೇಲೆ ‘ಬಯೋ’ ಎಂದು ಬರೆಸಿದಾಕ್ಷಣ ಕೆಳಗಿನ ತೊಟ್ಟಿಯನ್ನು ಖಾಲಿ ಮಾಡುವ ಜವಾಬ್ದಾರಿ ತಪ್ಪುವುದಿಲ್ಲ. ಆ ಹೆಸರು ಕೇಳಿ ಅಧಿಕಾರಿಗಳು ಜವಾಬ್ದಾರಿ ತಪ್ಪಿತು ಎಂದುಕೊಳ್ಳುವುದೇ ಅದರ ಅಪಾಯ.

ಇವೆಲ್ಲಕ್ಕಿಂತ ಅಗ್ಗದ, ಹಳೆಯ, ನಮ್ಮ ಗೌಂಡಿಗಳಿಗೆ ಗೊತ್ತಿರುವ ಒಂದು ವಸ್ತು ಇದೆ: ಇಳಿಜಾರು ಹೆಚ್ಚಿರುವ ಇಂಡಿಯನ್ ಪ್ಯಾನು. ಬಿಂದೇಶ್ವರ ಪಾಠಕ್ 1970ರಲ್ಲಿ ಕಟ್ಟಿದ ಸುಲಭ್ ಸಂಸ್ಥೆ ಊರೂರಿಗೆ ಹರಡಿದ್ದು ಇದನ್ನೇ; ಸ್ವಚ್ಛ ಭಾರತದ ಕಾಲದಲ್ಲಿ ಹಳ್ಳಿಗಳಲ್ಲಿ ಕಟ್ಟಿದ ಪಾಯಖಾನೆಗಳಿಗೂ ‘ರೂರಲ್ ಪ್ಯಾನು’ ಎಂಬ ಹೆಸರಲ್ಲಿ ಬಂದದ್ದು ಇದೇ ಜಾತಿಯದು. ಪಟ್ಟಣದ ಮನೆಗಳಲ್ಲಿ ಕೂರಿಸುವ ಪ್ಯಾನಿನ ತಳ ಹೆಚ್ಚುಕಡಿಮೆ ಸಮತಟ್ಟು. ಮಲ ಅಲ್ಲೇ ಕೂರುತ್ತದೆ, ಅದನ್ನು ದೂಡಲು ನೀರಿನ ರಭಸ ಬೇಕು, ರಭಸಕ್ಕೆ ಬಕೆಟ್ಟುಗಟ್ಟಲೆ ನೀರು ಬೇಕು. ಸುಲಭ್ ಪ್ಯಾನಿನ ತಳ 25ರಿಂದ 28 ಡಿಗ್ರಿ ಇಳಿಜಾರು, ಅದರಡಿಯ ಬಾಗಿದ ಕೊಳವೆಯಲ್ಲಿ ನಿಲ್ಲುವ ನೀರು 20 ಮಿಲಿಮೀಟರ್ ಮಾತ್ರ. ದೂಡುವ ಕೆಲಸದ ಅರ್ಧವನ್ನು ಇಳಿಜಾರೇ ಮಾಡುವುದರಿಂದ ಒಂದರಿಂದ ಒಂದೂವರೆ ಲೀಟರ್, ಅಂದರೆ ಒಂದು ಚರಗಿ ನೀರು ಸಾಕು. ತೊಳೆದುಕೊಂಡ ನೀರೂ ಆ ಕೆಲಸಕ್ಕೇ ಸೇರುತ್ತದೆ. ನಾವು ಕಾಗದದಲ್ಲಿ ಒರೆಸಿಕೊಳ್ಳುವವರಲ್ಲ, ನೀರಲ್ಲಿ ತೊಳೆದುಕೊಳ್ಳುವವರು. ಹೇಗೂ ಬಳಸುವ ನೀರನ್ನೇ ದುಡಿಸಿಕೊಳ್ಳುವ ಪ್ಯಾನು ಇದು. ಬಸ್ಸಿಗೆ ತಂದಾಗ ಒಂದೇ ತೊಂದರೆ ಎಂದರೆ ಗಾಡಿ ಕುಲುಕಿದರೆ 20 ಮಿಲಿಮೀಟರ್ ನೀರು ಚೆಲ್ಲಿಹೋಗಿ ತೊಟ್ಟಿಯ ವಾಸನೆ ಮೇಲೇಳುತ್ತದೆ, ನಿಂತ ಜಾಗ ಓರೆಯಾಗಿದ್ದರೂ ಅಷ್ಟೇ. ಅದಕ್ಕೂ ಉತ್ತರವಿದೆ. ಸುಮಾರು 2012–13ರಲ್ಲಿ ಬಾಂಗ್ಲಾದೇಶದ ಹಳ್ಳಿಗಳಿಗೆಂದು ತಯಾರಾದ ಸಾಟೊ ಎಂಬ ಪ್ಲಾಸ್ಟಿಕ್ ಪ್ಯಾನಿನ ತೂತಿಗೆ ಒಂದು ಮುಚ್ಚಳವಿದೆ. ಹಿಂಬದಿಯಲ್ಲಿ ಸಣ್ಣ ಭಾರ ಕಟ್ಟಿದ ಮುಚ್ಚಳ ಅದು. ಮೇಲೆ ನೀರು, ಮಲ ಬಿದ್ದರೆ ಆ ತೂಕಕ್ಕೆ ತೆರೆದುಕೊಂಡು ಕೆಳಗೆ ಬಿಟ್ಟು ಮತ್ತೆ ತಾನೇ ಮುಚ್ಚಿಕೊಳ್ಳುತ್ತದೆ. ಒಂದು ಲೀಟರಿಗಿಂತ ಕಡಿಮೆ ನೀರಲ್ಲಿ ಕೆಲಸ ಮುಗಿಯುತ್ತದೆ, ನೊಣ ಒಳಗೆ ಹೋಗದು, ಕರೆಂಟು ಬೇಡ, ಕೆಟ್ಟರೆ ಮುಚ್ಚಳ ಒಂದನ್ನೇ ಬದಲಿಸಬಹುದು. ತೊಟ್ಟಿ ನೇರ ಕೆಳಗೇ ಇರುವ ಬಸ್ಸಿಗೆ ಇದಕ್ಕಿಂತ ಹೊಂದುವುದು ನನಗಂತೂ ಕಾಣುತ್ತಿಲ್ಲ.

ಐದೂ ಕೋಣೆಗಳಲ್ಲಿ ಪ್ಯಾನೇ ಬೇಕೆಂದೂ ಇಲ್ಲ. ಜಾತ್ರೆಯಲ್ಲಿ ಬರುವ ಹೆಂಗಸರಲ್ಲಿ ಹೆಚ್ಚಿನವರು ಬರುವುದು ಮೂತ್ರಕ್ಕೆ. ಹಳೆಯ ಹೆಣ್ಣುಮಕ್ಕಳ ಶಾಲೆಗಳಲ್ಲಿ, ಸಿನಿಮಾ ಟಾಕೀಸುಗಳಲ್ಲಿ ಇಳಿಜಾರು ಕಟ್ಟೆ, ಮುಂದೊಂದು ಸಣ್ಣ ಮೋರಿ, ನಡುವೆ ಅಡ್ಡಗೋಡೆ ಇರುವ ಮೂತ್ರಿಗಳಿರುತ್ತಿದ್ದವು. ಅದನ್ನೇ ಸ್ಟೀಲಿನಲ್ಲಿ ಮಾಡಿ, ಬಾಗಿಲಿಟ್ಟು, ಐದರಲ್ಲಿ ಎರಡು ಕೋಣೆಗೆ ಹಾಕಿದರೆ ಅಲ್ಲಿಗೆ ಅರ್ಧ ಲೀಟರ್ ಸಾಕು. ಸಾಲೂ ಬೇಗ ಕರಗುತ್ತದೆ. ಗಂಡಸರಿಗೆ ಇಂಥ ವಿಂಗಡಣೆ ಎಲ್ಲ ಕಡೆ ಇದೆ, ಹೆಂಗಸರಿಗೆ ಮಾತ್ರ ಪ್ರತಿ ಸಲವೂ ಪೂರಾ ಸಂಡಾಸು ಎಂದು ಎಂಜಿನಿಯರುಗಳು ಯಾವಾಗ ತೀರ್ಮಾನಿಸಿದರೋ.

ಇಂಡಿಯನ್ ಪ್ಯಾನಿಗೆ ಬರುವ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಮೊಣಕಾಲಿನದು. ಕುಕ್ಕರುಗಾಲಲ್ಲಿ ಕೂರಲಾಗದ ಅಜ್ಜಿಯರು, ತುಂಬು ಬಸುರಿಯರು, ಅಂಗವಿಕಲರು ಏನು ಮಾಡಬೇಕು? ಇದು ನ್ಯಾಯವಾದ ಪ್ರಶ್ನೆ, ಪ್ಯಾನು ಎಷ್ಟು ಒಳ್ಳೆಯದಾದರೂ ಇದಕ್ಕೆ ಅದು ಉತ್ತರವಾಗದು. ಒಂದು ಕೋಣೆಯಲ್ಲಿ ಕುರ್ಚಿಯೆತ್ತರದ ಆಸನ, ಹಿಡಿದು ಏಳಲು ಎರಡೂ ಕಡೆ ಕಂಬಿ ಇರಲೇಬೇಕು. ಅಲ್ಲಿ ಫ್ಲಶ್ ಟ್ಯಾಂಕಿನ ಬದಲು ಅದೇ ಮುಚ್ಚಳದ ತೂತು, ಮಗ್ಗಿನ ನೀರು ಇಟ್ಟರಾಯಿತು. ಹಾಗೆ ಮಾಡಿದರೂ ಬಸ್ಸಿನ ಮೆಟ್ಟಿಲೇ ದೊಡ್ಡ ಅಡ್ಡಿ. ಅಷ್ಟೆತ್ತರದ ಮೆಟ್ಟಿಲು ಹತ್ತಲಾರದವರಿಗೆ ಒಳಗಿನ ಕಮೋಡು ಇದ್ದೂ ಇಲ್ಲದಂತೆ. ಹಿಂಬಾಗಿಲಿಗೆ ಉದ್ದನೆಯ ಇಳಿಜಾರು ಹಲಗೆ, ಆ ಬಾಗಿಲ ಪಕ್ಕದಲ್ಲೇ ಅಗಲದ ಕೋಣೆ ಇಡಬೇಕು. ಇದರಿಂದ ಒಂದು ಕೋಣೆ ಕಡಿಮೆಯಾದರೂ ಸರಿಯೇ. ಇನ್ನೊಂದು ಆಕ್ಷೇಪ, ಕಡಿಮೆ ನೀರೆಂದರೆ ಗಬ್ಬು ವಾಸನೆ ಎಂಬುದು. ವಾಸನೆ ಬರುವುದು ನೀರು ಕಡಿಮೆಯಾಗಿದ್ದಕ್ಕಿಂತ ನೆಲ ಸದಾ ಒದ್ದೆಯಾಗಿರುವುದರಿಂದ, ಗಾಳಿಗೆ ದಾರಿ ಇಲ್ಲದ್ದರಿಂದ. ತೊಟ್ಟಿಯಿಂದ ಬಸ್ಸಿನ ಮಾಡು ದಾಟಿ ಮೇಲಕ್ಕೆ ಹೋಗುವ ಒಂದು ಕೊಳವೆಗೆ ಕಪ್ಪು ಬಣ್ಣ ಬಳಿದರೆ ಬಿಸಿಲಿಗೆ ಅದು ಕಾದು, ಒಳಗಿನ ಗಾಳಿ ಹಗುರಾಗಿ ಮೇಲೇರುತ್ತದೆ, ತೊಟ್ಟಿಯ ವಾಸನೆಯನ್ನೂ ಜೊತೆಗೆ ಒಯ್ಯುತ್ತದೆ. ಆಫ್ರಿಕಾದ ಜಿಂಬಾಬ್ವೆಯ ಹಳ್ಳಿ ಪಾಯಖಾನೆಗಳಲ್ಲಿ 1970ರ ದಶಕದಲ್ಲೇ ಬಂದ ಉಪಾಯ ಇದು. ಕಲಬುರಗಿಯ ಬಿಸಿಲು ಒಂದಕ್ಕಾದರೂ ಉಪಯೋಗಕ್ಕೆ ಬರಲಿ.

ನೀರೇ ಬೇಡದ ಒಣ ಸಂಡಾಸಿನ ಮಾತೂ ಬರುತ್ತದೆ. ಮೂತ್ರವನ್ನು ಬೇರೆ ಮಾಡಿ, ಮಲದ ಮೇಲೆ ಬೂದಿಯನ್ನೋ ಮರದ ಹೊಟ್ಟನ್ನೋ ಹಾಕುವ ಆ ಬಗೆ ವಿದೇಶದಲ್ಲಿ ವ್ಯಾನುಗಳನ್ನೇ ಮನೆ ಮಾಡಿಕೊಂಡವರಿಗೆ ಅಚ್ಚುಮೆಚ್ಚು. ಇಲ್ಲೂ ಪ್ರವಾಸೋದ್ಯಮ ಇಲಾಖೆ ಕ್ಯಾರವಾನ್ ಪ್ರವಾಸದ ಮಾತಾಡುತ್ತಿದೆ, ಮಿನಿ ಬಸ್ಸನ್ನು ಮನೆಯಾಗಿಸುವ ಹುಡುಗರು ಹೆಚ್ಚುತ್ತಿದ್ದಾರೆ. ಇಬ್ಬರು ಮೂವರ ಸಂಸಾರಕ್ಕೆ, ಹೇಗೆ ಬಳಸಬೇಕೆಂದು ಗೊತ್ತಿರುವವರಿಗೆ, ಒಣ ಸಂಡಾಸು ಒಳ್ಳೆಯದೇ. ಎಳೆದು ತೆಗೆಯುವ ಹದಿನೆಂಟು ಇಪ್ಪತ್ತು ಲೀಟರಿನ ಕ್ಯಾಸೆಟ್ ಸಂಡಾಸಿಗಿಂತ ನಾನು ಅದನ್ನೇ ಮೇಲೆನ್ನುತ್ತೇನೆ. ಯುರೋಪಿನಂತೆ ಕ್ಯಾಸೆಟ್ ಸುರಿಯಲು ಕಟ್ಟೆಗಳು ನಮ್ಮ ಹೆದ್ದಾರಿಯ ಡಾಬಾಗಳಲ್ಲಿ ಇಲ್ಲವಾದ್ದರಿಂದ ಅದು ಸೇರುವುದು ಹಳ್ಳಕ್ಕೇ. ಆದರೆ ಸಾರ್ವಜನಿಕ ಬಸ್ಸಿನಲ್ಲಿ, ತೊಳೆದುಕೊಳ್ಳುವ ಸಾವಿರ ಜನರಿಗೆ ಇಲ್ಲಿ ಮಲ, ಇಲ್ಲಿ ಮೂತ್ರ, ಇಲ್ಲಿ ತೊಳೆಯಿರಿ ಎಂದು ಮೂರು ಜಾಗ ತೋರಿಸಿದರೆ ಸಂಜೆಯೊಳಗೆ ಮೂರೂ ಒಂದಾಗಿರುತ್ತವೆ.

ತೊಟ್ಟಿ ಎಲ್ಲಿ ಖಾಲಿಯಾಗುತ್ತದೆ ಎಂಬ ಪ್ರಶ್ನೆಗೆ ಬಂದರೆ ಮಾತು ಹೆಚ್ಚು ಗಂಭೀರವಾಗುತ್ತದೆ. 2021ರ ಜನವರಿಯಲ್ಲಿ ಇದೇ ಕಲಬುರಗಿಯಲ್ಲಿ ಮ್ಯಾನ್‌ಹೋಲಿಗೆ ಇಳಿದ ಇಬ್ಬರು ಕಾರ್ಮಿಕರು ಉಸಿರುಗಟ್ಟಿ ಸತ್ತರು. ಮಲ ಹೊರುವ ಪದ್ಧತಿಯನ್ನು, ಸುರಕ್ಷತೆಯಿಲ್ಲದೆ ಮನುಷ್ಯರನ್ನು ಒಳಚರಂಡಿಗೆ ಇಳಿಸುವುದನ್ನು 2013ರ ಕಾನೂನು ನಿಷೇಧಿಸಿ ಆಗ ಏಳು ವರ್ಷ ದಾಟಿತ್ತು. ಬಸ್ಸಿನ ತೊಟ್ಟಿಯನ್ನು ಕೈಯಿಂದ ಬಾಚುವ, ಒಳಗೆ ಇಳಿದು ತೊಳೆಯುವ ಅಗತ್ಯವೇ ಬಾರದಂತೆ ಕಟ್ಟಬೇಕು. ತಳ ಒಂದು ಕಡೆಗೆ ಇಳಿಜಾರು, ತುದಿಯಲ್ಲಿ ಸಕ್ಕಿಂಗ್ ಗಾಡಿಯ ಪೈಪು ನೇರ ಕೂರುವ ಬಾಯಿ, ಹೊರಗಿನಿಂದಲೇ ಮಟ್ಟ ಕಾಣುವ ಕೊಳವೆ. ನಗರದೊಳಗಾದರೆ ಗಾಡಿ ಶುದ್ಧೀಕರಣ ಘಟಕಕ್ಕೆ ಹೋಗಬಹುದು. ಅದೇ ಬಸ್ಸು ಬೀದರ್ ರಸ್ತೆಯ ಕಮಲಾಪುರಕ್ಕೆ ಹೋದರೆ? ತಾಲ್ಲೂಕು ಕೇಂದ್ರವೆಂದು ಹೆಸರು ಬಂದು ಹೆಚ್ಚು ವರ್ಷವಾಗದ ಇಂಥ ಊರುಗಳಿಗೆ ದೊಡ್ಡ ಒಳಚರಂಡಿ ಜಾಲಕ್ಕಿಂತ ದೇವನಹಳ್ಳಿಯ ಮಾದರಿ ಹೊಂದುತ್ತದೆ. ಅಲ್ಲಿ 2015ರಿಂದ ಸಕ್ಕಿಂಗ್ ಗಾಡಿಗಳು ತಂದು ಸುರಿಯುವ ಮಲದ ಕೆಸರನ್ನೇ ಸಂಸ್ಕರಿಸಿ ಗೊಬ್ಬರ ಮಾಡುವ ಸಣ್ಣ ಘಟಕ ನಡೆಯುತ್ತಿದೆ. ಅದರ ಸಾಮರ್ಥ್ಯ ದಿನಕ್ಕೆ ಆರು ಸಾವಿರ ಲೀಟರ್. ಕೆಂಪು ಬಾಳೆಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ಕಮಲಾಪುರದಲ್ಲಿ ಚೆನ್ನಾಗಿ ಹುದುಗಿದ ಗೊಬ್ಬರಕ್ಕೆ ಗಿರಾಕಿ ಸಿಗದೇ ಹೋಗಲಾರದು. ಇಲ್ಲೂ ಲೀಟರಿನ ಲೆಕ್ಕವೇ ಬರುತ್ತದೆ. ತಲೆಗೆ ಎಂಟು ಲೀಟರ್ ಬಳಸುವ ಬಸ್ಸು ಒಂದು ದಿನಕ್ಕೆ ಅಂಥ ಘಟಕದ ಐದರಲ್ಲಿ ನಾಲ್ಕು ಪಾಲು ತುಂಬಿಸುತ್ತದೆ, ಎರಡು ಲೀಟರಿನದು ಐದನೇ ಒಂದು ಪಾಲು.

ಬಸ್ಸೇ ಯಾಕೆ, ಶಾಶ್ವತ ಶೌಚಾಲಯ ಕಟ್ಟಬಾರದೇ ಎಂದರೆ, ಕಟ್ಟಲೇಬೇಕು. ಬಸ್ ನಿಲ್ದಾಣದಲ್ಲಿ, ಮಾರ್ಕೆಟ್ಟಿನಲ್ಲಿ, ದರ್ಗಾದ ಸುತ್ತ ದಿನನಿತ್ಯ ಬರುವ ಜನಕ್ಕೆ ಒಳಚರಂಡಿಗೆ ಜೋಡಿಸಿದ ಕಟ್ಟಡವೇ ಸರಿ. ಅಲ್ಲಿ ಬಸ್ಸು ತಂದು ನಿಲ್ಲಿಸುವುದು ಕೆಲಸ ತಪ್ಪಿಸಿಕೊಳ್ಳುವ ದಾರಿ. ವರ್ಷಕ್ಕೆ ಮೂರು ದಿನ ಹತ್ತು ಪಟ್ಟಾಗುವ ಜನಕ್ಕೆ ಕಟ್ಟಡ ಕಟ್ಟಿದರೆ ಉಳಿದ ದಿನ ಅದಕ್ಕೆ ಬೀಗ. ಒಂದೇ ಬಸ್ಸು ಮಾರ್ಚಿನಲ್ಲಿ ಶರಣಬಸವೇಶ್ವರರ ತೇರಿಗೆ, ಬೇಸಿಗೆಯಲ್ಲಿ ಉರುಸಿಗೆ, ಡಿಸೆಂಬರಿನಲ್ಲಿ ಗಾಣಗಾಪುರದ ದತ್ತ ಜಯಂತಿಗೆ ಹೋಗಬಲ್ಲದು. ಆದರೆ ಇಲ್ಲಿ ಕಾನೂನಿನ ಒಂದು ಗಂಟಿದೆ. 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣವಾಗುವುದಿಲ್ಲ, ಸಾರಿಗೆ ನಿಗಮಗಳ ಬಸ್ಸುಗಳಿಗೂ ಇದು ಅನ್ವಯ. ತೀರಾ ಗುಜರಿಗೆ ಬಿದ್ದದ್ದನ್ನು ಆರಿಸಿಕೊಂಡರೆ ಅದು ಒಂದು ಕಡೆ ನಿಲ್ಲುವ ಡಬ್ಬಿ ಮಾತ್ರ. ಊರಿಂದೂರಿಗೆ ಓಡಬೇಕಾದರೆ ಹತ್ತು ಹನ್ನೊಂದು ವರ್ಷದ, ಎಂಜಿನ್ ಇನ್ನೂ ನೆಟ್ಟಗಿರುವ ಬಸ್ಸನ್ನೇ ಬಿಟ್ಟುಕೊಡಬೇಕು. ಅದು ನಿಗಮದ ಲೆಕ್ಕದಲ್ಲಿ ನಷ್ಟವೇ, ಆ ನಷ್ಟವನ್ನು ತುಂಬಿಕೊಡಬೇಕಾದದ್ದು ಜಿಲ್ಲಾಡಳಿತ. ರೋಜಾದ ಗಲ್ಲಿಗಳಿಗೆ ಹನ್ನೊಂದು ಮೀಟರಿನ ಗಾಡಿ ನುಗ್ಗುವುದಿಲ್ಲವಾದ್ದರಿಂದ ಮಿನಿ ಬಸ್ಸುಗಳನ್ನು ಆರಿಸುವುದು ಇನ್ನೂ ಜಾಣತನ.

ಟೆಂಡರ್ ಬರೆಯುವವರು ಕಂಪನಿಯ ಹೆಸರು, ತಂತ್ರಜ್ಞಾನದ ಹೆಸರು ಬರೆಯದೆ ಅಂಕಿಗಳನ್ನು ಬರೆಯಬೇಕು: ಒಬ್ಬರಿಗೆ ತೊಳೆಯುವುದೂ ಸೇರಿ ಎರಡು ಲೀಟರ್ ಮೀರಬಾರದು, ಕರೆಂಟಿಲ್ಲದೆ ನಡೆಯಬೇಕು, ಕೆಟ್ಟ ಭಾಗವನ್ನು ಊರಿನ ಪ್ಲಂಬರೇ ಅರ್ಧ ಗಂಟೆಯಲ್ಲಿ ಬದಲಿಸುವಂತಿರಬೇಕು, ತೊಟ್ಟಿ ಖಾಲಿ ಮಾಡಿದ ಪ್ರತಿ ಸಲಕ್ಕೂ ಎಲ್ಲಿ ಸುರಿದಿರಿ ಎಂಬ ರಸೀದಿ ಇರಬೇಕು. ಪ್ಯಾನಿನ ಬೆಲೆ ಸಾವಿರದ ಲೆಕ್ಕದ್ದು, ಮಾರ್ಪಾಡಿನದು ಲಕ್ಷದ್ದು. ವರ್ಷವರ್ಷವೂ ಬರುವ ಖರ್ಚು ಮಾತ್ರ ಬಾಗಿಲಲ್ಲಿ ನಿಂತು ಪ್ರತಿ ಹತ್ತು ಜನಕ್ಕೊಮ್ಮೆ ನೆಲ ಒರೆಸುವ ಇಬ್ಬರು ಹೆಂಗಸರ ಪಾಳಿಯ ಸಂಬಳ. ಯೋಜನಾ ವರದಿಗಳಲ್ಲಿ ಸಾಮಾನ್ಯವಾಗಿ ‘ನಿರ್ವಹಣೆ’ ಎಂಬ ಒಂದೇ ಪದದಲ್ಲಿ ಮುಗಿದುಹೋಗುವ ಆ ಸಾಲಿಗೆ ಪಾಲಿಕೆಯ ಬಜೆಟ್ಟಿನಲ್ಲಿ ಬೇರೆಯೇ ಒಂದು ತಲೆಬರಹ, ಅದರ ಮುಂದೊಂದು ಮೊತ್ತ ಕಾಣಿಸಿದ ಮೇಲೆಯೇ ಬಸ್ಸು ಬಿಚ್ಚಲು ಕೈಹಾಕಬೇಕು.